ದಿನಕ್ಕೆ ಆರೂವರೆ ಯುನಿಟ್

ಮೊನ್ನೆ ಶನಿವಾರ ಬೆಳಿಗ್ಗೆ ಎದುರುಮನೆಯವರು ಕೂಲರಿಗೆ ಹೊಸ ಹುಲ್ಲು ಹಾಕಿಸಿದರು. ದೆಹಲಿಯ ಬೇಸಿಗೆಯನ್ನು ಕಾಣದವರಿಗೆ ಇದರಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣಲಿಕ್ಕಿಲ್ಲ. ಕೂಲರ್ ಎಂದರೆ ಕಿಟಕಿಗೆ ಆನಿಸಿ ನಿಲ್ಲಿಸಿದ ತಗಡಿನ ದೊಡ್ಡ ಪೆಟ್ಟಿಗೆ. ಅದರ ಮೂರು ಬದಿಗೆ ಒಣಹುಲ್ಲಿನಂಥ ಮರದ ಎಳೆಗಳ ಚಾಪೆ, ಆ ಚಾಪೆಯ ಮೇಲೆ ಸದಾ ಇಳಿಯುವ ನೀರು. ಒಳಗಿನ ಫ್ಯಾನು ಹೊರಗಿನ ಕೆಂಡದಂಥ ಗಾಳಿಯನ್ನು ಆ ತೇವದ ಮೂಲಕ ಎಳೆದುಕೊಂಡು ಕೋಣೆಗೆ ತಣ್ಣಗೆ ಬಿಡುತ್ತದೆ. ಏಪ್ರಿಲ್ ಬಂತೆಂದರೆ ಹಳೆಯ ಚಾಪೆ ಕಿತ್ತು ಹೊಸದನ್ನು ಕೂರಿಸಬೇಕು. ಅದರ ಮೇಲೆ ಮೊದಲ ಸಲ ನೀರು ಬಿದ್ದಾಗ ಏಳುವ ವಾಸನೆ, ಬಡಗಿಯ ಅಂಗಳದಲ್ಲಿ ಮಳೆ ಹನಿದಂತೆ ಇರುತ್ತದೆ. ಊರೆಲ್ಲ ಅದನ್ನು ಮೂಗರಳಿಸಿ ಸ್ವಾಗತಿಸುತ್ತದೆ. ನನಗೆ ಮಾತ್ರ ಆ ವಾಸನೆ ಬಂದೊಡನೆ ಮನಸ್ಸು ತಾನಾಗಿ ಭಾಗಾಕಾರಕ್ಕೆ ತೊಡಗುತ್ತದೆ: ಇನ್ನೂರನ್ನು ಮೂವತ್ತರಿಂದ ಭಾಗಿಸಿದರೆ ಆರೂವರೆ, ಮೇಲೊಂದಿಷ್ಟು ಚಿಲ್ಲರೆ.

ಅದೇ ಹೊತ್ತಿಗೆ ಅಕ್ಕನ ಮಗಳು ಮೇಧಾ ಒಂದು ಹಾಳೆ ಹಿಡಿದು ಬಂದಳು. ಪೀತಮ್‌ಪುರದ ಈ ಮನೆ ಅಕ್ಕ ಭಾವನವರದು. ನಾನು ಇಲ್ಲಿಗೆ ಬಂದು ಎರಡು ವರ್ಷ. ಹನ್ನೊಂದು ವರ್ಷದ ಮೇಧಾಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಆಡುವಾಗ ಮಾತ್ರ ಅವಳ ವಾಕ್ಯ ಕನ್ನಡದಲ್ಲಿ ಹತ್ತಿ ಹಿಂದಿಯಲ್ಲಿ ಇಳಿಯುತ್ತದೆ.

"ಚಿಕ್ಕಿ, ಮಂಡೇ ಕೊಡಬೇಕು. ಒಂದು ಫ್ಯಾಮಿಲಿಗೆ ಬಿಜ್ಲೀ ಸೇವ್ ಮಾಡೋದು ಸಿಖಾನಾ ಹೈ. ನಾನು ಸುನೀತಾ ದೀದಿಗೆ ಕಲಿಸ್ತೀನಿ, ಠೀಕ್ ಹೈ?"

ಸುನೀತಾ ನಮ್ಮ ಮನೆಗೆ ಅಡುಗೆಗೆ ಬರುವಾಕೆ. ಕುಟುಂಬವೊಂದಕ್ಕೆ ವಿದ್ಯುತ್ ಉಳಿಸಲು ಕಲಿಸಿ ಬನ್ನಿ ಎಂದು ಶಾಲೆ ಕೊಟ್ಟ ಆ ಹಾಳೆಯಲ್ಲಿ ನಾಲ್ಕು ಚೌಕಗಳಿದ್ದವು: ಕುಟುಂಬದ ಹೆಸರು, ನೀವು ಕಲಿಸಿದ್ದು, ಅವರು ಬದಲಿಸಿಕೊಂಡದ್ದು, ಉಳಿದ ಯುನಿಟ್. ನಾಲ್ಕರಲ್ಲಿ ಒಂದಾದರೂ ಆ ಕುಟುಂಬ ಬಾಯಿ ತೆರೆದು ಏನಾದರೂ ಹೇಳುವುದಕ್ಕೆ ಜಾಗ ಕೊಟ್ಟಿರಲಿಲ್ಲ. ಕೆಲವು ವರ್ಷಗಳ ಹಿಂದೆ ಇಂಥದೊಂದು ಹಾಳೆಯನ್ನು ನಾನೇ ತಯಾರಿಸಿದ್ದೆ, ಇದಕ್ಕಿಂತ ಅಂದವಾಗಿ. "ಮಧ್ಯಾಹ್ನದ ತನಕ ತಡಿ, ಯೋಚಿಸಿ ಹೇಳುತ್ತೇನೆ" ಎಂದೆ. ಹಾಗೆ ಯೋಚಿಸಿದ್ದನ್ನು ಮೊದಲು ನಿಮ್ಮ ಮುಂದೆ ಇಡುತ್ತಿದ್ದೇನೆ.

ನಾನು ಓದಿದ ಶಾಲೆಯಲ್ಲಿ ರ‍್ಯಾಂಕ್ ಇರಲಿಲ್ಲ, ಬೆತ್ತ ಇರಲಿಲ್ಲ; ಶಿಕ್ಷಕರನ್ನು ಹೆಸರು ಹಿಡಿದೇ ಕರೆಯುತ್ತಿದ್ದೆವು. ಶುಕ್ರವಾರದ ಕೊನೆಯ ಅವಧಿಯಲ್ಲಿ ಎಲ್ಲರೂ ವೃತ್ತವಾಗಿ ಕುಳಿತು, ಆ ವಾರ ತಾವು ಕಂಡ ಒಂದು ಅನ್ಯಾಯವನ್ನು ಎದ್ದು ನಿಂತು ಹೆಸರಿಸಬೇಕಿತ್ತು. ಉಳಿದ ಮಕ್ಕಳು ಒಂದನ್ನು ಹುಡುಕಲು ತಡಕಾಡುತ್ತಿದ್ದರೆ ನನ್ನ ಬಳಿ ಆರೇಳು ಸಿದ್ಧವಾಗಿರುತ್ತಿದ್ದವು: ತೊಟ್ಟಿಕ್ಕಲು ಬಿಟ್ಟ ನಲ್ಲಿ, ಡಬ್ಬಿ ಹಂಚಿಕೊಳ್ಳದ ಗೆಳತಿ, ಖಾಲಿ ಕೋಣೆಯಲ್ಲಿ ತಿರುಗುವ ಫ್ಯಾನು. "ಒಂದು ಸಾಕಮ್ಮ, ಉಳಿದವರಿಗೂ ಸ್ವಲ್ಪ ಅನ್ಯಾಯ ಬಿಡು" ಎಂದು ನಮ್ಮ ಶಿಕ್ಷಕಿ ನಕ್ಕದ್ದುಂಟು. ಈಗ ನೆನೆದರೆ ನಾನೂ ನಗುತ್ತೇನೆ. ಆದರೆ ಆ ವೃತ್ತದಲ್ಲಿ ಕಲಿತದ್ದನ್ನು ಇವತ್ತಿಗೂ ಬಿಟ್ಟುಕೊಟ್ಟಿಲ್ಲ. ಹೆಸರಿಸದೆ ಬಿಟ್ಟ ಅನ್ಯಾಯ ಗೋಡೆಯೊಳಗಿನ ಗೆದ್ದಲಿನಂತೆ ಬೆಳೆಯುತ್ತದೆಂದೇ ನಂಬಿದ್ದೇನೆ.

ವಿದ್ಯುತ್ತಿನ ವಿಷಯದಲ್ಲಂತೂ ಹೆಸರಿಸಲು ಎಷ್ಟಿಲ್ಲ? ಬಾಗಿಲು ತೆರೆದಿಟ್ಟು ಬೀದಿಯನ್ನೇ ತಣ್ಣಗಾಗಿಸುವ ಅಂಗಡಿಗಳು ಅನ್ಯಾಯ. ನಡುಹಗಲಲ್ಲಿ ಉರಿಯುವ ಬೀದಿದೀಪ ಅನ್ಯಾಯ. ತನ್ನ ಕೋಣೆಯ ಬಿಸಿಯನ್ನು ಪಕ್ಕದವರ ಕಿಟಕಿಗೆ ಉಸಿರುವ ಎ.ಸಿ. ಅನ್ಯಾಯ. ಎರಡು ಮನೆಗಳ ನಡುವೆ ಕೈ ಚಾಚುವಷ್ಟೂ ಜಾಗ ಬಿಡದೆ ಕಟ್ಟಿ, ಮಧ್ಯಾಹ್ನ ಹನ್ನೆರಡಕ್ಕೆ ಬಲ್ಬು ಹಾಕಿಕೊಳ್ಳುವಂತೆ ಮಾಡುವವರದೂ ಅನ್ಯಾಯ. ಈ ಕೊನೆಯದು ಲಕ್ಷ್ಮೀ ನಗರದ ಅನ್ಯಾಯ. ನಾನು ಆಗ ಇದ್ದದ್ದು ಅಲ್ಲಿಯೇ.

ಮನೆಗಳಲ್ಲಿ ವಿದ್ಯುತ್ ಉಳಿಸುವುದು ಹೇಗೆಂದು ಜನರಿಗೆ ತಿಳಿಸುವ ಒಂದು ಸಣ್ಣ ಸಂಸ್ಥೆಯಲ್ಲಿ ನನಗೆ ಕೆಲಸ. ಲಕ್ಷ್ಮೀ ನಗರದ ಗಲ್ಲಿಯೊಂದರಲ್ಲಿ, ಕೋಚಿಂಗ್ ತರಗತಿಗಳ ಜಾಹೀರಾತೇ ಗೋಡೆಯ ಬಣ್ಣವಾಗಿದ್ದ ಕಟ್ಟಡದ ಎರಡನೆಯ ಮಹಡಿಯಲ್ಲಿ ಒಂದು ಕೋಣೆ. ನೆಲಮಹಡಿಯಲ್ಲಿ ಮನೆಯೊಡತಿ, ಇಡೀ ಗಲ್ಲಿಗೆ ಅವರು 'ಆಂಟಿ'. ವಿಧವೆ, ಬಾಡಿಗೆಯೊಂದೇ ಆದಾಯ. ನಡುವಿನ ಮಹಡಿಯಲ್ಲಿ ವನಜಕ್ಕ ಮತ್ತು ಅವರ ಗಂಡ ಭಟ್ಟರು, ಕುಂದಾಪುರದ ಕಡೆಯವರು. ಭಟ್ಟರು ಅಲ್ಲಿಗೆ ಹತ್ತು ನಿಮಿಷದ ನಡಿಗೆಯ ಒಂದು ದೋಸೆ ಹೋಟೆಲಿನಲ್ಲಿ ಕಾವಲಿಯ ಮುಂದೆ ನಿಲ್ಲುತ್ತಿದ್ದರು. ಬೆಳಿಗ್ಗೆ ಆರರಿಂದ ಮೂರು, ಮತ್ತೆ ಸಂಜೆ ಆರರಿಂದ ಅಂಗಡಿ ಮುಚ್ಚುವ ತನಕ. ನಡುವಿನ ಮೂರು ಗಂಟೆಯಲ್ಲಿ ಮನೆಗೆ ಬಂದು ಮಿಂದು, ಉಂಡು, ಒಂದೆರಡು ಗಂಟೆ ಮೈಚಾಚಿದರೆ ಮಾತ್ರ ಸಂಜೆಯ ಪಾಳಿಗೆ ಕಾಲು ನಿಲ್ಲುತ್ತಿತ್ತು. ಹೋಟೆಲಿನವರು ಮನೆ ಹುಡುಕುವಾಗ ಗಾಳಿ ಬೆಳಕು ನೋಡುವುದಿಲ್ಲ, ಈ ಹತ್ತು ನಿಮಿಷವನ್ನು ನೋಡುತ್ತಾರೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ವನಜಕ್ಕ ನನ್ನನ್ನು ಮೊದಲ ವಾರದಲ್ಲೇ ತಮ್ಮವಳನ್ನಾಗಿಸಿಕೊಂಡರು. ಮೆಟ್ಟಿಲಿನ ಮೇಲೆ ನನ್ನ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಬಾಗಿಲು ತೆರೆದು ಒಂದು ತಟ್ಟೆ ಚಾಚುತ್ತಿದ್ದರು. ನಾನೋ, ಪಡೆದದ್ದಕ್ಕೆ ಪ್ರತಿಯಾಗಿ ಏನನ್ನಾದರೂ ಸುಧಾರಿಸದೆ ಇರಲಾರದವಳು. "ಮನೆಯಲ್ಲಿ ಏನಾದರೂ ತೊಂದರೆ ಇದೆಯೇ ವನಜಕ್ಕ? ನೀರು, ಬಾಡಿಗೆ, ಏನಾದರೂ?" ಎಂದು ಕೇಳುತ್ತಿದ್ದೆ. ಅವರು ಪಾತ್ರೆಯಿಂದ ಕಣ್ಣೆತ್ತದೆ, "ಎಂತ ಇಲ್ಲ ಮಾರಾಯ್ತಿ" ಎನ್ನುತ್ತಿದ್ದರು. ಆ ಉತ್ತರವನ್ನು ನಾನು ತೊಂದರೆಯಿಲ್ಲವೆಂಬುದಕ್ಕೆ ಸಾಕ್ಷಿಯೆಂದೇ ತಿಳಿದೆ.

ಈಗ ಇನ್ನೂರರ ವಿಷಯ ಹೇಳಬೇಕು. ದೆಹಲಿಯಲ್ಲಿ ತಿಂಗಳಿಗೆ ಇನ್ನೂರು ಯುನಿಟ್ಟಿನ ಒಳಗೆ ಬಳಸುವ ಮನೆಗೆ ಸರ್ಕಾರದ ಸಹಾಯಧನದಿಂದ ಬಿಲ್ಲು ಸೊನ್ನೆಯಾಗುತ್ತದೆ. ಅದಕ್ಕೆ ಅರ್ಜಿ ಹಾಕಿರಬೇಕು, ಅಷ್ಟೆ. ನಮ್ಮ ಕಟ್ಟಡದಲ್ಲಿ ಮಹಡಿಗೊಂದು ಮೀಟರು, ಮೂರೂ ಆಂಟಿಯ ಹೆಸರಿನಲ್ಲಿ. ಬಿಲ್ಲು ಅವರ ಕೈಗೇ ಹೋಗುತ್ತಿತ್ತು. ನಮ್ಮಿಂದ ಅವರು ಯುನಿಟ್ ಲೆಕ್ಕದಲ್ಲಿ ವಸೂಲು ಮಾಡುತ್ತಿದ್ದರು: ಇನ್ನೂರರೊಳಗಿದ್ದರೆ ಐದು ರೂಪಾಯಿ, ದಾಟಿದರೆ ಪೂರ್ತಿಗೆ ಒಂಬತ್ತು. "ಸಹಾಯಧನ ಬರುವುದಿಲ್ಲವೇ?" ಎಂದು ಬಂದ ಹೊಸದರಲ್ಲಿ ನಾನು ಒಮ್ಮೆ ವಿಚಾರಿಸಿದ್ದೆ. "ಫಾರ್ಮ್ ತೋ ಭರ್ ದಿಯಾ ಬೇಟಾ, ಅಭೀ ಆಯಾ ನಹೀಂ" ಎಂದು ಅವರು ನಿಟ್ಟುಸಿರಿಟ್ಟರು. ಅರ್ಜಿ ಹಾಕಿಯೂ ಬಾರದ ಸಹಾಯಧನ! ಸರ್ಕಾರದ ಅನ್ಯಾಯಗಳ ನನ್ನ ಪಟ್ಟಿಗೆ ಅದನ್ನೂ ಸೇರಿಸಿ ಮುಂದೆ ನಡೆದೆ. ಸರ್ಕಾರದ ತಪ್ಪು ದೊಡ್ಡದಾಗಿ ಕಾಣುತ್ತಿದ್ದುದರಿಂದ ಮೆಟ್ಟಿಲ ಕೆಳಗಿನ ಮೀಟರು ಪೆಟ್ಟಿಗೆಯತ್ತ ನನ್ನ ಕಣ್ಣು ಹೊರಳಲಿಲ್ಲ.

ಇನ್ನೂರರ ಒಳಗೆ ಇರುವುದೇ ಉಳಿತಾಯದ ದಾರಿ ಎಂದಾದ ಮೇಲೆ, ಒಂದು ಭಾನುವಾರವಿಡೀ ಕುಳಿತು ವನಜಕ್ಕನಿಗಾಗಿ ಕನ್ನಡದಲ್ಲಿ ಒಂದು ಪಟ್ಟಿ ಬರೆದೆ. ಮೇಲೆ ಹತ್ತು ಸೂಚನೆಗಳು. ಕೆಳಗೆ ದಿನಕ್ಕೊಂದರಂತೆ ಮೂವತ್ತು ಚೌಕ. ಪ್ರತಿದಿನ ಬೆಳಿಗ್ಗೆ ಮೀಟರು ನೋಡಿ, ಹಿಂದಿನ ದಿನ ಎಷ್ಟು ಯುನಿಟ್ ಹೋಯಿತೆಂದು ತುಂಬಬೇಕು. ಆರೂವರೆಗೆ ಒಂದು ಕೆಂಪು ಗೆರೆ. ಆಂಟಿಗೆ ಇದನ್ನು ತೋರಿಸಿದಾಗ ಅವರು ಕನ್ನಡಕ ಹಾಕಿಕೊಂಡು ಅಕ್ಷರಗಳ ಅಂದ ನೋಡಿ, "ಬಹುತ್ ಅಚ್ಛಾ ಕಾಮ್ ಹೈ ಬೇಟಾ" ಎಂದು ತಾವೇ ಅಂಟಿಸುವ ಟೇಪು ತಂದುಕೊಟ್ಟರು. ಇಂಥ ಮನೆಯೊಡತಿ ಊರಿಗೊಬ್ಬರಿದ್ದರೆ ಸಾಕಲ್ಲ ಎಂದು ನನ್ನ ಎದೆ ಉಬ್ಬಿತು.

ಅಡುಗೆಮನೆಯ ಬಾಗಿಲ ಹಿಂಬದಿಗೆ ಅದನ್ನು ಅಂಟಿಸುವಾಗ ಭಟ್ಟರು ಊಟ ಮುಗಿಸಿ ಕೈಯೊರಸುತ್ತ ನಿಂತಿದ್ದರು.

"ಇದರಲ್ಲಿ ನಾನು ಎಷ್ಟನೇ ನಂಬರು?" ಎಂದು ಕೇಳಿದರು. "ನನ್ನ ಮೈ ಮುಟ್ಟಿ ನೋಡಿ, ಇಡ್ಲಿ ಬೇಯ್ತದೆ. ಒಂದು ಸ್ಟೌ ಉಳೀತು ಅಂತ ಬರ್ಕೊಳ್ಳಿ."

"ಸುಮ್ನಿರಿ ನೀವು" ಎಂದರು ವನಜಕ್ಕ. "ಹುಡುಗಿ ಕಷ್ಟಪಟ್ಟು ಬರ್ದಿದ್ದಾಳೆ. ನಿಮ್ಗೆ ಹೋಟ್ಲಲ್ಲಿ ದೋಸೆ ಲೆಕ್ಕ ಇಡ್ಲಿಕ್ಕೂ ಬರುದಿಲ್ಲ."

"ದೋಸೆ ಲೆಕ್ಕ ತಿಂದವರು ಇಡ್ಬೇಕು, ಹುಯ್ದವನಲ್ಲ."

ನನ್ನ ವೃತ್ತಿಯಲ್ಲಿ ಸೂಚನೆ ಕೊಡುವವರು ಬಹಳ, ಪಾಲಿಸುವವರು ವಿರಳ. ವನಜಕ್ಕ ಪಾಲಿಸಿದರು. ಬೆಳಿಗ್ಗೆ ಭಟ್ಟರನ್ನು ಕಳಿಸಿ, ಟಾರ್ಚು ಹಿಡಿದು ಮೆಟ್ಟಿಲ ಕೆಳಗೆ ಬಾಗಿ ಮೀಟರು ಓದುತ್ತಿದ್ದರು. ಬಾಲ್ಯದ ಅಭ್ಯಾಸದಂತೆ ಕನ್ನಡ ಅಂಕಿಗಳಲ್ಲಿ, ಬಳೆಯಂತೆ ದುಂಡಗೆ ಬರೆಯುತ್ತಿದ್ದರು. ಆರು, ಆರೂಕಾಲು, ಆರೂವರೆ. ಒಮ್ಮೆ ಏಳಾದಾಗ ಮಕ್ಕಳು ತಪ್ಪೊಪ್ಪಿಕೊಳ್ಳುವಂತೆ ನನ್ನ ಕೋಣೆಯ ತನಕ ಹತ್ತಿ ಬಂದು, "ಇಸ್ತ್ರಿ ಹಾಕಿದ್ದೆ, ನಾಳೆ ಸರಿ ಮಾಡ್ತೇನೆ" ಎಂದರು. ನಾನು ಉದಾರವಾಗಿ ಕ್ಷಮಿಸಿದೆ. ಈ ಸಾಲನ್ನು ಬರೆಯುವಾಗ ಮುಖ ಬಿಸಿಯಾಗುತ್ತದೆ, ಆದರೂ ಬರೆಯುತ್ತೇನೆ. ಕ್ಷಮಿಸಿದೆ!

ಬಾಡಿಗೆಯ ಜೊತೆಗೆ ಆಂಟಿ ಕೊಟ್ಟಿದ್ದ ಹಳೆಯ ಫ್ರಿಜ್ಜು ಅವರ ಅಡುಗೆಮನೆಯಲ್ಲಿ ಹಗಲಿರುಳು ಗೊರಗುಟ್ಟುತ್ತಿತ್ತು. ಅದರ ಬಾಗಿಲ ರಬ್ಬರು ಹರಿದು, ಬಾಗಿಲು ನಿಲ್ಲದೆ, ವನಜಕ್ಕ ಹಳೆಯ ಸೀರೆಯಂಚನ್ನು ಸುತ್ತಿ ಕಟ್ಟಿದ್ದರು. ಬಾಗಿಲು ಸರಿಯಾಗಿ ಕೂರದ ಫ್ರಿಜ್ಜು ಎಷ್ಟು ವಿದ್ಯುತ್ ಕುಡಿಯುತ್ತದೆಂದು ಊರಿಗೆಲ್ಲ ಉಪನ್ಯಾಸ ಕೊಡುವ ನಾನು ಆ ಸೀರೆಯಂಚನ್ನು ಕಂಡು, "ಎಂಥ ಜಾಣತನ!" ಎಂದು ಮೆಚ್ಚಿಕೊಂಡಿದ್ದೆ.

ಜೂನ್ ಬಂತು. ಆ ವರ್ಷದ ಬಿಸಿಗಾಳಿಯ ನೆನಪು ನಿಮಗೂ ಇರಬಹುದು; ನೆನಪಿಲ್ಲದಿದ್ದರೆ ಯಾವ ವರ್ಷದ್ದನ್ನು ತಂದುಕೊಂಡರೂ ನಡೆಯುತ್ತದೆ, ಈಗ ಎಲ್ಲ ವರ್ಷವೂ ಹಾಗೆಯೇ. ನಲ್ಲಿಯ ನೀರಿನಲ್ಲಿ ಕೈಯಿಟ್ಟರೆ ಸುಡುತ್ತಿತ್ತು. ಅಂಥ ಒಂದು ಮಧ್ಯಾಹ್ನ, ನಾಲ್ಕರ ಹೊತ್ತಿಗೆ, 'ಉಳಿತಾಯವೇ ಉತ್ಪಾದನೆ' ಎಂಬ ಶಿಬಿರವನ್ನು ಮುಗಿಸಿ ನಾನು ಮೆಟ್ಟಿಲು ಹತ್ತುತ್ತಿದ್ದೆ. ತಿರುವಿನಲ್ಲಿ ಭಟ್ಟರು ಗೋಡೆಗೊರಗಿ ಕುಳಿತಿದ್ದರು. ಹೆಗಲ ಮೇಲಿನ ಬೈರಾಸು ಟವೆಲು ಒಣಗಿ ಸೆಟೆದಿತ್ತು.

"ಯಾಕೆ ಭಟ್ರೇ, ಇಲ್ಲಿ ಕೂತಿದ್ದೀರಿ?"

ಅವರು ನನ್ನನ್ನು ನೋಡಿದರು, ಆದರೆ ನಾನು ಅವರಿಗೆ ಕಾಣಲಿಲ್ಲ. "ಎರಡು ಮಸಾಲೆ, ಒಂದು ಖಾಲಿ. ಆಯ್ತು, ಬಂತು, ಬಂತು" ಎಂದರು. ಕೈ ಗಾಳಿಯಲ್ಲಿ ಹಿಟ್ಟು ಹುಯ್ಯುವಂತೆ ಸುತ್ತುತ್ತಿತ್ತು. ಹಣೆ ಮುಟ್ಟಿದೆ. ಕಾದಿತ್ತು. ಒಂದು ಹನಿ ಬೆವರಿರಲಿಲ್ಲ. ಕಾದ ಮೈಯಲ್ಲಿ ಬೆವರು ನಿಂತರೆ ಜೀವಕ್ಕೇ ಅಪಾಯ ಎಂಬುದನ್ನು, ಬೇಸಿಗೆಯ ಎಚ್ಚರಿಕೆಯೆಂದು, ಅದೇ ಬೆಳಿಗ್ಗೆ ನಾನು ಶಿಬಿರದಲ್ಲಿ ವಿವರಿಸಿ ಬಂದಿದ್ದೆ.

ನನ್ನ ಕೂಗಿಗೆ ವನಜಕ್ಕ ಓಡಿ ಬಂದರು. ತೆರೆದ ಬಾಗಿಲಿನಿಂದ ಅವರ ಕೋಣೆ ಕಂಡಿತು: ಕಿಟಕಿಗೆ ಹಸಿ ಸೀರೆ ಇಳಿಬಿಟ್ಟಿದ್ದರು, ಅದೂ ಒಣಗಿತ್ತು. ಕೂಲರು ಸುಮ್ಮನೆ ನಿಂತಿತ್ತು. ಒಳಗಿಗಿಂತ ಮೆಟ್ಟಿಲೇ ತಂಪೆಂದು ಭಟ್ಟರು ಎದ್ದು ಬಂದಿದ್ದರಂತೆ. ಇಬ್ಬರೂ ಸೇರಿ ತಲೆಗೆ ನೀರು ಸುರಿದು, ತೋಳು ಹಿಡಿದು ಇಳಿಸಿ, ಇ-ರಿಕ್ಷಾದ ಭಯ್ಯಾನನ್ನು ಬೇಡಿಕೊಂಡು ಗಲ್ಲಿಯ ಕೊನೆಯ ನರ್ಸಿಂಗ್ ಹೋಮಿಗೆ ಕರೆದೊಯ್ದೆವು. ಇನ್ನರ್ಧ ಗಂಟೆ ಕಳೆದಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು ಡಾಕ್ಟರು.

ಹೊರಗಿನ ಬೆಂಚಿನ ಮೇಲೆ ವನಜಕ್ಕ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಅಳುತ್ತಿರಲಿಲ್ಲ. ತಪ್ಪಿತಸ್ಥರ ದನಿಯಲ್ಲಿ ಹೇಳಿದರು: "ಇವತ್ತು ಇವರ ಅಂಗಿಗೆ ಇಸ್ತ್ರಿ ಹಾಕಿದ್ದೆ. ಅದಕ್ಕೆ ಕೂಲರ್ ಹಾಕ್ಲಿಲ್ಲ. ಎರಡೂ ಹಾಕಿದ್ರೆ ನಿನ್ನ ಗೆರೆ ದಾಟ್ತಿತ್ತು."

ನನ್ನ ಗೆರೆ.

ಪಟ್ಟಿಯ ಏಳನೆಯ ಸೂಚನೆ ಆಗ ನೆನಪಾಯಿತು: "ಎ.ಸಿ., ಕೂಲರ್ ಅನಿವಾರ್ಯವಾದಾಗ ಮಾತ್ರ." ಎ.ಸಿ. ಇರುವ ಮನೆಗಳಿಗೆಂದು ಕಚೇರಿಯಲ್ಲಿ ಸಿದ್ಧಪಡಿಸಿದ್ದ ಕೈಪಿಡಿಯಿಂದ ಆ ಸಾಲನ್ನು ಎತ್ತಿ, ವನಜಕ್ಕನ ಮನೆಯಲ್ಲಿ ಎ.ಸಿ. ಇಲ್ಲವಲ್ಲ ಎಂದು, ಪಕ್ಕದಲ್ಲಿ ಕೂಲರನ್ನು ಸೇರಿಸಿದ್ದೆ. ಎರಡೂ ತಂಪು ಮಾಡುತ್ತವೆ, ಒಂದೇ ಸಾಲಿನಲ್ಲಿ ಇರಲಿ ಎಂಬ ಸೋಮಾರಿತನ. ಬೆಂಚಿನ ಮೇಲೆ ಕುಳಿತು ಬೆರಳಲ್ಲಿ ಲೆಕ್ಕ ಹಾಕಿದೆ. ಅಂಥ ಕೂಲರು ಎರಡು ಗಂಟೆ ಓಡಿದರೆ ಅರ್ಧ ಯುನಿಟ್ಟೂ ಆಗುವುದಿಲ್ಲ. ಅರ್ಧ ಯುನಿಟ್ಟಿಗಾಗಿ ಒಬ್ಬ ಮನುಷ್ಯ ಕಾವಲಿಯಿಂದ ಇಳಿದು ಬಾಣಲೆಗೆ ಬರುತ್ತಿದ್ದ, ಇಂಥ ದಿನಗಳಲ್ಲೆಲ್ಲ, ನನ್ನ ಸುಂದರ ಅಕ್ಷರಗಳ ಆಜ್ಞೆಯಂತೆ. ಅನ್ಯಾಯಗಳನ್ನು ಹೆಸರಿಸುವುದರಲ್ಲಿ ಎಂದೂ ತಡವರಿಸದ ನನಗೆ ಇದನ್ನು ಯಾರ ಹೆಸರಿನಲ್ಲಿ ಬರೆಯಬೇಕೆಂದು ತಿಳಿಯುವುದು ಕಷ್ಟವಾಗಲಿಲ್ಲ, ಹೇಳುವುದು ಕಷ್ಟವಾಯಿತು.

ಮೂರನೆಯ ದಿನ ಭಟ್ಟರನ್ನು ಮನೆಗೆ ಕಳಿಸಿದರು. ನಾನು ನೇರವಾಗಿ ಅಡುಗೆಮನೆಗೆ ಹೋಗಿ ಪಟ್ಟಿ ಕೀಳಲು ಕೈಯಿಟ್ಟೆ. "ಇನ್ನು ಇನ್ನೂರರ ಚಿಂತೆ ಬೇಡ ವನಜಕ್ಕ. ದಾಟಿದರೆ ದಾಟಲಿ, ಹೆಚ್ಚಾದದ್ದನ್ನು ನಾನು ಕೊಡುತ್ತೇನೆ. ಸಹಾಯಧನದ ಅರ್ಜಿಯ ವಿಷಯ ಏನಾಯಿತೆಂದು ವಿದ್ಯುತ್ ಕಚೇರಿಗೆ ಬರೆದು ವಿಚಾರಿಸುತ್ತೇನೆ."

ವನಜಕ್ಕ ಗಂಜಿ ತಿರುವುತ್ತಿದ್ದವರು ನಿಲ್ಲಿಸಿದರು. "ಅದೆಲ್ಲ ಬರೀಬೇಡ. ಅದು ಬರ್ತಾ ಉಂಟು."

"ಏನು ಬರ್ತಾ ಇದೆ?"

"ಸಹಾಯಧನ. ಹೋದ ವರ್ಷವೇ ಬಂದದ್ದು. ಮೀಟರ್ ಓದುವ ಭಯ್ಯಾ ಬಂದಾಗ ಒಂದ್ಸಲ ಆಂಟಿ ಇರ್ಲಿಲ್ಲ. ಮೂರೂ ಬಿಲ್ ನನ್ನ ಕೈಲಿ ಕೊಟ್ಟು ಹೋದ. ನಮ್ಮದೂ ಸೊನ್ನೆ, ನಿನ್ನದೂ ಸೊನ್ನೆ."

"ನಿಮಗೆ ಹಿಂದಿ ಓದಲಿಕ್ಕೆ..."

"ಸೊನ್ನೆ ಓದ್ಲಿಕ್ಕೆ ಯಾವ ಭಾಷೆ ಬೇಕು ಮಾರಾಯ್ತಿ?"

ಒಂದು ವರ್ಷ! ಸೊನ್ನೆ ಬಿಲ್ಲಿಗೆ ಅವರೂ ನಾನೂ ತಿಂಗಳು ತಿಂಗಳೂ ಹಣ ತೆತ್ತಿದ್ದೆವು. ಇನ್ನೂರರೊಳಗೆ ಇದ್ದರೆ ಐದು, ದಾಟಿದರೆ ಒಂಬತ್ತು ಎಂಬ ನಿಯಮ ಏಕೆಂದು ಈಗ ಹೊಳೆಯಿತು. ನಾವು ದಾಟದಿದ್ದರೆ ಆಂಟಿಗೆ ಬಿಲ್ಲೇ ಇಲ್ಲ, ಬಂದದ್ದೆಲ್ಲ ಅವರದೇ. ಆ ಟೇಪನ್ನು ಅವರು ಸುಮ್ಮನೆ ತಂದುಕೊಟ್ಟಿರಲಿಲ್ಲ. ಭಟ್ಟರು ಬೆಂದದ್ದು ಯಾರ ಉಳಿತಾಯಕ್ಕಾಗಿ? ನಾನು ಕೆಳಗಿಳಿಯಲು ತಿರುಗಿದೆ. ಬಾಯಲ್ಲಿ ವಾಕ್ಯಗಳು ಸಾಲುಗಟ್ಟಿ ನಿಂತಿದ್ದವು. ವನಜಕ್ಕ ಸೌಟು ಬಿಟ್ಟು ನನ್ನ ಮಣಿಕಟ್ಟು ಹಿಡಿದರು. ಅಷ್ಟು ಬಲವಾಗಿ ಅವರು ನನ್ನನ್ನು ಎಂದೂ ಮುಟ್ಟಿರಲಿಲ್ಲ.

"ಇದಕ್ಕೇ ನಿನ್ಗೆ ಹೇಳ್ಲಿಲ್ಲ."

"ಇದು ಕಳ್ಳತನ ವನಜಕ್ಕ!"

"ಗೊತ್ತುಂಟು. ನೀನು ಕೆಳಗೆ ಹೋಗಿ ಬೊಬ್ಬೆ ಹಾಕ್ತಿ. ನಿನ್ಗೆ ಇನ್ನೊಂದು ರೂಮು ಸಿಗ್ತದೆ. ಹೋಟ್ಲಿಂದ ಹತ್ತು ನಿಮಿಷದಲ್ಲಿ ಇಷ್ಟು ಬಾಡಿಗೆಗೆ ನನ್ಗೆ ಇನ್ನೊಂದು ಮನೆ ಯಾರು ಕೊಡ್ತಾರೆ? ಇವರು ಮಧ್ಯಾಹ್ನ ಮಲಗುದು ಎಲ್ಲಿ? ಹೋಟ್ಲ ಅಕ್ಕಿ ಮೂಟೆ ಮೇಲಾ?"

ಒಳಗಿನಿಂದ ಭಟ್ಟರ ಸಣ್ಣ ದನಿ ಬಂತು. "ಅಕ್ಕಿ ಮೂಟೆ ಅಡ್ಡಿಲ್ಲ. ಇಲಿಗಳಿಗೆ ಮಾತ್ರ ಸ್ವಲ್ಪ ಇಕ್ಕಟ್ಟು ಆಗ್ತದೆ."

ಯಾರೂ ನಗಲಿಲ್ಲ. ಆಮೇಲೆ ವನಜಕ್ಕ ನಕ್ಕರು, ನಕ್ಕದ್ದೇ ಅಳುವಿಗೆ ತಿರುಗಿತು, ನಾನು ಮಣಿಕಟ್ಟನ್ನು ಅವರ ಕೈಯಲ್ಲೇ ಬಿಟ್ಟು ನಿಂತೆ. ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟೆ. ನನ್ನ ಜೀವನದಲ್ಲಿ ಹೆಸರಿಸದೆ ಬಿಡುವೆನೆಂದು ಒಪ್ಪಿಕೊಂಡ ಮೊದಲ ಅನ್ಯಾಯ ಅದು.

ಮುಂದೆ ವನಜಕ್ಕ ಮಾಡಿದ್ದನ್ನು ನಾನು ಯಾವ ಕೈಪಿಡಿಯಲ್ಲೂ ಓದಿಲ್ಲ. ಮರುದಿನ ಮಧ್ಯಾಹ್ನ ಮೂರಕ್ಕೆ ಕೂಲರು ಹಾಕಿದರು. ಅದರ ಅಗ್ಗದ ಫ್ಯಾನಿನ ಗಡಗಡ ಸದ್ದು ಮೂರು ಮಹಡಿಗೂ ಕೇಳುತ್ತಿತ್ತು. ಐದು ದಿನ ಹೀಗೆ ನಡೆದ ಮೇಲೆ ಆಂಟಿ ಮೆಟ್ಟಿಲು ಹತ್ತಿ ಬಂದರು. ನಾನು ಮೇಲಿನ ಮೆಟ್ಟಿಲಲ್ಲಿ ಕಿವಿಗೊಟ್ಟು ನಿಂತಿದ್ದೆ.

"ಅರೇ ವನಜಾ, ದೋ ಸೌ ಪಾರ್ ಹೋ ಜಾಯೇಗಾ!" ಇನ್ನೂರು ದಾಟುತ್ತದೆ ಎಂಬ ಆತಂಕ ಅವರ ದನಿಯಲ್ಲಿ ನಿಜವಾಗಿಯೂ ಇತ್ತು.

ವನಜಕ್ಕ ತಮ್ಮ ತುಂಡು ಹಿಂದಿಯಲ್ಲಿ ಬಹಳ ಸಮಾಧಾನದಿಂದ ಹೇಳಿದರು: "ಹೋನೇ ದೋ ಆಂಟಿ. ಬಿಲ್ ಆಯೇಗಾ ನಾ? ಆಪ್ ಔರ್ ಮೈಂ, ಸಾಥ್ ಬೈಠ್ ಕೇ ದೇಖೇಂಗೇ."

ದಾಟಲಿ, ಬಿಲ್ಲು ಬರುತ್ತದಲ್ಲ, ಇಬ್ಬರೂ ಜೊತೆಗೆ ಕೂತು ನೋಡೋಣ. ಅಷ್ಟೇ. ಜೊತೆಗೆ ಕೂತರೆ ಹಳೆಯ ಸೊನ್ನೆಗಳೂ ಹೊರಬರುತ್ತವೆಂಬುದು ಆಂಟಿಗೆ ಹೊಳೆಯದೆ ಇರುವಂತಿರಲಿಲ್ಲ. ಅವರ ಮುಖ ನನಗೆ ಕಾಣಲಿಲ್ಲ. ಆಗ ವನಜಕ್ಕ, ಈಗಷ್ಟೇ ನೆನಪಾದವರಂತೆ ಸೇರಿಸಿದರು: ಫ್ರಿಜ್ಜಿನ ಬಾಗಿಲು ನಿಲ್ಲುವುದಿಲ್ಲ, ರಬ್ಬರು ಬದಲಿಸಿದರೆ ಯುನಿಟ್ ಇಳಿಯುತ್ತದೆಂದು ಮೇಲಿನ ಹುಡುಗಿ ಹೇಳುತ್ತಾಳೆ. ಮೇಲಿನ ಹುಡುಗಿ ಹಾಗೆ ಹೇಳಿರಲಿಲ್ಲ, ಹೇಳಬೇಕಾಗಿತ್ತು. ಅದೇ ವಾರ ಆಂಟಿ ತಮ್ಮ ಖರ್ಚಿನಲ್ಲಿ ರಿಪೇರಿಯವನನ್ನು ಕರೆಸಿದರು. ಹೊಸ ರಬ್ಬರಿನ ಬಾಗಿಲಿಗೆ ಕಾಗದದ ಚೂರೊಂದನ್ನು ಸಿಕ್ಕಿಸಿ ಎಳೆದು ನೋಡಿದೆ, ಗಟ್ಟಿಯಾಗಿ ಹಿಡಿದಿತ್ತು. ಕೂಲರು ದಿನವೂ ಓಡಿತು. ತಿಂಗಳ ಕೊನೆಗೆ ಯುನಿಟ್ ಇನ್ನೂರರ ಒಳಗೇ ಉಳಿಯಿತು. ಐದು ರೂಪಾಯಿಯ ವಸೂಲಿಯೂ ಹಾಗೇ ಉಳಿಯಿತು.

ಭಟ್ಟರು ಈಗ ಮಾನೇಸರಿನ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿದ್ದಾರೆ. ಅಲ್ಲಿ ಕೋಣೆ ಕೆಲಸದ ಜೊತೆಗೇ ಬಂದದ್ದು, ಸ್ವಂತ ಮೀಟರ್ ಇದೆ. ಅಂದಮೇಲೆ ಈಗ ಇದನ್ನು ಹೇಳಿದರೆ ಯಾರ ಮನೆಯೂ ಹೋಗುವುದಿಲ್ಲ. ಆದರೂ ನಿರಾಳವಾಗಿಲ್ಲ. ಆ ಮೆಟ್ಟಿಲ ಮೇಲೆ ನಾನು ಸುಮ್ಮನಿದ್ದದ್ದು ವನಜಕ್ಕನ ವಿವೇಕಕ್ಕೆ ತೋರಿದ ಗೌರವವೋ, ನಮ್ಮ ಬಳಿಕ ಆ ಕೋಣೆಗಳಿಗೆ ಬಂದವರಿಗೆ ಎಸಗಿದ ದ್ರೋಹವೋ? ಹೆಸರಿಸಬೇಕೆಂದು ಶಾಲೆ ಕಲಿಸಿತು. ಹೆಸರಿಸುವ ದನಿ ಎಷ್ಟು ದೊಡ್ಡದಾದರೆ ಎದುರಿನವರು ತಮ್ಮ ಕಷ್ಟವನ್ನು ಅಷ್ಟು ಆಳದಲ್ಲಿ ಬಚ್ಚಿಡುತ್ತಾರೆಂದು ಯಾರೂ ಕಲಿಸಲಿಲ್ಲ. ಒಂದು ವರ್ಷ ವನಜಕ್ಕ ಆ ಸೊನ್ನೆಯನ್ನು ಆಂಟಿಯಿಂದಲ್ಲ, ನನ್ನಿಂದ ಬಚ್ಚಿಟ್ಟಿದ್ದರು.

ಶನಿವಾರ ಮಧ್ಯಾಹ್ನ ಮೂರಕ್ಕೆ ಸುನೀತಾ ಬಂದಳು. ನಡುಮನೆಯಲ್ಲಿ ಎ.ಸಿ. ಹಾಕಿ, ಬಾಗಿಲು ಮುಚ್ಚಿ ನಾವೆಲ್ಲ ಕುಳಿತಿದ್ದೆವು. ಮೇಧಾಳಿಗೆ ನಾನು ಯೋಚಿಸಿಟ್ಟದ್ದನ್ನು ಹೇಳಿದೆ: "ಮೊದಲು ಕೇಳು, ಕಲಿಸುವುದು ಆಮೇಲೆ." ಅವಳು ಪೆನ್ಸಿಲು ಹಿಡಿದು ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತಳು. ನಾನು ಹಿಂದೆ ನಿಂತೆ.

"ದೀದಿ, ಆಪ್‌ಕೇ ಘರ್ ಮೇಂ ಕಿತ್ನೇ ಪಂಖೇ ಹೈಂ?"

"ಏಕ್" ಎಂದಳು ಸುನೀತಾ, ರೊಟ್ಟಿ ಲಟ್ಟಿಸುತ್ತ. ಅವಳ ಮನೆಯಲ್ಲಿರುವುದು ಒಂದೇ ಫ್ಯಾನು.

"ಔರ್ ಎ.ಸಿ.?"

ಸುನೀತಾ ನಕ್ಕುಬಿಟ್ಟಳು. ಮೇಧಾ ಏನನ್ನೂ ಬರೆಯದೆ ಅವಳ ಬೆನ್ನನ್ನೇ ನೋಡಿದಳು. ರವಿಕೆ ಒದ್ದೆಯಾಗಿ ಅಂಟಿಕೊಂಡಿತ್ತು. ಗೋಡೆಯ ಫ್ಯಾನು ಧೂಳು ಹಿಡಿದು ನಿಂತಿತ್ತು. "ದೀದಿ, ನೀವು ಇಲ್ಲಿ ಪಂಖಾ ಯಾಕೆ ಹಾಕಲ್ಲ?" ಎಂದು ಅವಳು ಅವಸರದಲ್ಲಿ ಕನ್ನಡದಲ್ಲಿ ಕೇಳಿ, ಮತ್ತೆ ಹಿಂದಿಯಲ್ಲಿ ಕೇಳಿದಳು.

ಸುನೀತಾ ಲಟ್ಟಣಿಗೆಯಿಂದ ಸ್ವಿಚ್ಚುಗಳತ್ತ ತೋರಿಸಿದಳು. "ತುಮ್ಹಾರೀ ಮೌಸೀ ನೇ ಲಗಾಯಾ ಹೈ ನಾ." ನಿನ್ನ ಚಿಕ್ಕಿಯೇ ಅಂಟಿಸಿದ್ದಲ್ಲವೇ.

ಫ್ಯಾನಿನ ಸ್ವಿಚ್ಚಿನ ಮೇಲೆ, ನಮ್ಮ ಸಂಸ್ಥೆಯ ಹಸಿರು ಚೀಟಿ. ಒಂದು ಬೆರಳಿನ ಚಿತ್ರ, ಕೆಳಗೆ ಹಿಂದಿಯಲ್ಲಿ: 'ನಿಜವಾಗಿ ಬೇಕೇ?' ಈ ಮನೆಗೆ ಬಂದ ವಾರ ಎಲ್ಲ ಸ್ವಿಚ್ಚುಗಳಿಗೂ ಉತ್ಸಾಹದಿಂದ ಅಂಟಿಸಿದ್ದೆ. ನಡುಮನೆಯಲ್ಲಿದ್ದವುಗಳನ್ನು ಯಾರು ಯಾವಾಗ ಕಿತ್ತರೋ ತಿಳಿಯದು. ಅಡುಗೆಮನೆಯದು ಮಾತ್ರ ಹಾಗೇ ಉಳಿದಿತ್ತು, ಅದನ್ನು ಕೀಳುವ ಸ್ವಾತಂತ್ರ್ಯವಿಲ್ಲದ ಒಬ್ಬಳು ಅದನ್ನು ದಿನವೂ ಓದಿ ಪಾಲಿಸುತ್ತಿದ್ದಳು. ಎರಡು ಬೇಸಿಗೆ.

ಫ್ಯಾನು ಹಾಕಿದೆ. ಮಣೆಯ ಮೇಲಿನ ಒಣಹಿಟ್ಟು ಎದ್ದು ಮೂವರ ಮುಖಕ್ಕೂ ಬಡಿಯಿತು. ಸುನೀತಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು, ಫ್ಯಾನಿನ ಕತ್ತನ್ನು ತಾನೇ ಹೊರಳಿಸಿ ಸರಿಮಾಡಿದಳು. ಚೀಟಿಯನ್ನು ಉಗುರಿನಿಂದ ಕೆರೆದೆ. ಅರ್ಧ ಬಂತು. ಬೆರಳು ಹೋಯಿತು, ಪ್ರಶ್ನೆ ಉಳಿಯಿತು.

"ಚಿಕ್ಕಿ, ಇದನ್ನ ಯಾವ ಬಾಕ್ಸ್‌ನಲ್ಲಿ ಬರೀಲಿ?" ಎಂದಳು ಮೇಧಾ.

ನಾನು ದನಿಯನ್ನು ಆದಷ್ಟು ಸಣ್ಣದು ಮಾಡಿಕೊಂಡು ಸುನೀತಾಳನ್ನು ಹಿಂದಿಯಲ್ಲಿ ಕೇಳಿದೆ, ನಾನು ಮಾಡಿದ್ದರಲ್ಲಿ ಇನ್ನೇನಾದರೂ ನಿನಗೆ ತೊಂದರೆಯಾಗಿದೆಯೇ ಎಂದು.

"ಕುಛ್ ನಹೀಂ ದೀದಿ" ಎಂದಳು, ರೊಟ್ಟಿಯಿಂದ ಕಣ್ಣೆತ್ತದೆ.

ಆ ದನಿ ನನಗೆ ಗೊತ್ತು. ಅದರ ಕನ್ನಡವಾದ 'ಎಂತ ಇಲ್ಲ'ವನ್ನು ಒಂದು ವರ್ಷ ಕೇಳಿದ್ದೇನೆ. ಹಿಂದೆ ಆಗಿದ್ದರೆ ಅಷ್ಟಕ್ಕೆ ತೃಪ್ತಳಾಗಿ, ತಂಪಾದ ನಡುಮನೆಗೆ ಮರಳಿ, ಬಾಗಿಲು ಮುಚ್ಚಿಕೊಳ್ಳುತ್ತಿದ್ದೆ. ಈ ಸಲ ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದುಕೊಂಡು, ಒಲೆಯ ಪಕ್ಕದಲ್ಲಿ, ಏನೂ ಹೇಳದೆ ಕುಳಿತೆ. ಮೇಧಾ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಕಾದಳು. ಸುನೀತಾ ಒಂದು ರೊಟ್ಟಿ ಬೇಯಿಸಿದಳು, ಇನ್ನೊಂದನ್ನು ಲಟ್ಟಿಸಿದಳು, ಒಮ್ಮೆ ನನ್ನತ್ತ ಓರೆಯಾಗಿ ನೋಡಿದಳು. ಎದುರುಮನೆಯ ಕೂಲರಿನ ಹಸಿ ವಾಸನೆ ಕಿಟಕಿಯಿಂದ ಬರುತ್ತಲೇ ಇತ್ತು. ನಾನು ಕುಳಿತೇ ಇದ್ದೆ.